ಲಾಗ್‌ಔಟ್ ಆದ ಮೇಲೆ ಬರುವ ಉತ್ತರ: ಪಿಡ್ಜಿನ್ ಪ್ಲಗಿನ್‌ನಲ್ಲಿ ಬಾಕಿ ರಿಕ್ವೆಸ್ಟ್‌ಗಳ ಲೆಕ್ಕ ಇಡುವುದು ಹೇಗೆ

ಬೇರೆಬೇರೆ ಚಾಟ್ ಸೇವೆಗಳನ್ನು ಒಂದೇ ಕಡೆ ಬಳಸಲು ಇರುವ ಪಿಡ್ಜಿನ್ ಆಪ್‌ಗೆ ಹೊಸ ಪ್ರೊಟೊಕಾಲ್ ಪ್ಲಗಿನ್ (ಇನ್ನೊಂದು ಸೇವೆಯನ್ನು ಸೇರಿಸುವ ಕೋಡ್) ಬರೆಯುವಾಗ ಎಲ್ಲರೂ ಮೊದಲು ಲಾಗಿನ್ ಸರಿ ಮಾಡಿಕೊಳ್ಳುತ್ತಾರೆ. ಆಮೇಲೆ ಮೆಸೇಜ್, ಆಮೇಲೆ ಫ್ರೆಂಡ್ಸ್ ಲಿಸ್ಟ್, ಕೊನೆಗೆ ಪ್ರೊಫೈಲ್ ಫೋಟೋ. ಎಲ್ಲ ಓಡುತ್ತಿದೆ ಅಂತ ರಿಲೀಸ್ ಮಾಡಿದ ಮೇಲೆ ಒಂದು ದೂರು ಬರುತ್ತದೆ: ವೈಫೈ ಕಟ್ ಆದರೆ ಪಿಡ್ಜಿನ್ ಪೂರ್ತಿ ಬಿದ್ದುಹೋಗುತ್ತದೆ. ಪ್ರತಿ ಸಲವೂ ಅಲ್ಲ, ಯಾವಾಗಲೋ ಒಮ್ಮೆ. ನಿಮ್ಮ ಮಷಿನ್‌ನಲ್ಲಿ ಏನು ಮಾಡಿದರೂ ಬೀಳುವುದಿಲ್ಲ. ಇಂಥ ದೂರು ಬಂದಾಗ ಮೊದಲು ನೋಡಬೇಕಾದ ಜಾಗ ಒಂದೇ. ಸರ್ವರ್‌ನಿಂದ ಉತ್ತರ ಬರುವ ಹೊತ್ತಿಗೆ ಅದನ್ನು ಕೇಳಿದ ಅಕೌಂಟ್ ಇನ್ನೂ ಇತ್ತಾ, ಇಲ್ವಾ?

ಉದಾಹರಣೆಗೆ ಇಲ್ಲಿ ಪಿಡ್ಜಿನ್ 2 ಸರಣಿಯನ್ನೇ ಇಟ್ಟುಕೊಳ್ಳುತ್ತೇನೆ. ಅದರ ಸೋರ್ಸ್ ಯಾರು ಬೇಕಾದರೂ ತೆರೆದು ಓದಬಹುದು, ಹೊರಗಿನವರು ಬರೆದ ಪ್ಲಗಿನ್‌ಗಳೂ ಬೇಕಾದಷ್ಟಿವೆ. ಒಳಗೆ ನಿಜವಾದ ಕೆಲಸ ಮಾಡುವುದು ಲಿಬ್‌ಪರ್ಪಲ್ ಅನ್ನುವ ಸಿ ಲೈಬ್ರರಿ. ಟರ್ಮಿನಲ್‌ನಲ್ಲಿ ಓಡುವ ಫಿಂಚ್, ಮ್ಯಾಕ್‌ನ ಅಡಿಯಮ್ ಎರಡೂ ಇದನ್ನೇ ಬಳಸುತ್ತವೆ. ಹಾಗಾಗಿ ಪ್ಲಗಿನ್‌ನಲ್ಲಿ ತಪ್ಪು ಒಂದೇ ಆದರೂ ಬೀಳುವ ಆಪ್‌ಗಳು ಬೇರೆಬೇರೆ. ಲಿಬ್‌ಪರ್ಪಲ್‌ನ ಫಂಕ್ಷನ್ ಹೆಸರುಗಳಲ್ಲಿ ಹೆಚ್ಚಿನವು ಪರ್ಪಲ್ ಅಂತ ಶುರುವಾಗುತ್ತವೆ. ಆ ಮೊದಲ ಪದವನ್ನು ಕೆಳಗೆ ಬಿಟ್ಟಿದ್ದೇನೆ.

ಬೀಳುವುದು ಹೇಗೆ

ಲಿಬ್‌ಪರ್ಪಲ್‌ನಲ್ಲಿ ಎಲ್ಲವೂ ಒಂದೇ ಮೇನ್ ಲೂಪ್‌ನಲ್ಲಿ, ಅಂದರೆ ಬಂದ ಕೆಲಸಗಳನ್ನು ಒಂದೊಂದಾಗಿ ಮುಗಿಸುತ್ತಾ ಹೋಗುವ ಸುತ್ತಿನಲ್ಲಿ, ನಡೆಯುತ್ತದೆ. ನೀವು ಫೋಟೋ ಬೇಕು ಅಂತ ಫೆಚ್ ಯುಆರ್‌ಎಲ್ ರಿಕ್ವೆಸ್ಟ್ ಫಂಕ್ಷನ್ ಕರೆದರೆ ಅದು ಕಾಯುತ್ತಾ ಕೂರುವುದಿಲ್ಲ, ಆ ರಿಕ್ವೆಸ್ಟನ್ನು ಗುರುತಿಸುವ ಒಂದು ಹ್ಯಾಂಡಲ್ ಕೊಟ್ಟು ತಕ್ಷಣ ವಾಪಸ್ ಬರುತ್ತದೆ. ಉತ್ತರ ಸಿಕ್ಕಾಗ ನೀವು ಮೊದಲೇ ಹೇಳಿಟ್ಟ ಫಂಕ್ಷನ್, ಅಂದರೆ ಕಾಲ್‌ಬ್ಯಾಕ್, ಓಡುತ್ತದೆ. ಕೇಳುವಾಗ ನೀವು ಜೊತೆಗೆ ಕೊಟ್ಟ ಯೂಸರ್ ಡೇಟಾ ಪಾಯಿಂಟರ್ ಕಾಲ್‌ಬ್ಯಾಕ್‌ಗೆ ಹಾಗೇ ಸಿಗುತ್ತದೆ. ಸಾಮಾನ್ಯವಾಗಿ ಅದು ಕನೆಕ್ಷನ್‌ನ ಪಾಯಿಂಟರ್ ಆಗಿರುತ್ತದೆ.

ಈಗ ಬಳಕೆದಾರರು ಲಾಗಿನ್ ಆದರು ಅಂದುಕೊಳ್ಳಿ. ಮೂವತ್ತು ಜನ ಸ್ನೇಹಿತರ ಫೋಟೋಗೆ ಮೂವತ್ತು ರಿಕ್ವೆಸ್ಟ್ ಹೋದವು. ಹತ್ತು ಬಂದವು, ಇಪ್ಪತ್ತು ಇನ್ನೂ ದಾರಿಯಲ್ಲಿವೆ. ಅಷ್ಟರಲ್ಲಿ ಅವರು ಅಕೌಂಟ್ಸ್ ಮೆನುಗೆ ಹೋಗಿ ಆ ಅಕೌಂಟನ್ನು ಡಿಸೇಬಲ್ ಮಾಡಿದರು. ಲಿಬ್‌ಪರ್ಪಲ್ ನಿಮ್ಮ ಪ್ಲಗಿನ್‌ನ ಕ್ಲೋಸ್ ಫಂಕ್ಷನ್ ಕರೆಯಿತು, ನೀವು ನಿಮ್ಮ ಸ್ಟ್ರಕ್ಟ್ ಫ್ರೀ ಮಾಡಿದಿರಿ, ಅದು ಕನೆಕ್ಷನ್ ಫ್ರೀ ಮಾಡಿತು. ಎರಡು ಸೆಕೆಂಡ್ ಬಿಟ್ಟು ಹನ್ನೊಂದನೇ ಫೋಟೋ ಬಂತು. ಕಾಲ್‌ಬ್ಯಾಕ್ ಓಡಿತು, ಫ್ರೀ ಆದ ಮೆಮೊರಿಯನ್ನು ಮುಟ್ಟಿತು.

ಇಲ್ಲಿ ಕ್ರ್ಯಾಶ್ ಆದರೆ ನಿಮ್ಮ ಅದೃಷ್ಟ. ಫ್ರೀ ಆದ ಜಾಗದಲ್ಲಿ ಹಳೆಯ ಬೈಟ್‌ಗಳು ಹಾಗೇ ಉಳಿದಿದ್ದರೆ ಏನೂ ಆಗದ ಹಾಗೆ ಮುಂದೆ ಓಡುತ್ತದೆ, ನಿಮ್ಮ ಮಷಿನ್‌ನಲ್ಲಿ ಬೀಳದಿರಲು ಇದೇ ಕಾರಣ ಇರಬಹುದು.

ಅಕೌಂಟ್ ಮುಚ್ಚಿದ ಮೇಲೆ ಅದರ ರಿಕ್ವೆಸ್ಟ್‌ಗಳೂ ತಾವಾಗಿಯೇ ನಿಲ್ಲುತ್ತವೆ ಅಂತ ಬಹಳ ಜನ ನಂಬಿರುತ್ತಾರೆ. ಪಿಡ್ಜಿನ್ 2ರ ಫೆಚ್ ಯುಆರ್‌ಎಲ್ ವಿಷಯದಲ್ಲಿ ಇದು ನಿಜವಲ್ಲ. ಅಕೌಂಟನ್ನೂ ತೆಗೆದುಕೊಳ್ಳುವ ಇನ್ನೊಂದು ರೂಪ 2.6.0ರಲ್ಲಿ ಬಂತು. ಆದರೆ ಅಲ್ಲಿ ಅಕೌಂಟ್ ಬೇಕಾಗುವುದು ಪ್ರಾಕ್ಸಿ ಸೆಟ್ಟಿಂಗ್ ನೋಡಲಿಕ್ಕೆ, ಅಕೌಂಟ್ ಹೋದಾಗ ರಿಕ್ವೆಸ್ಟ್ ನಿಲ್ಲಿಸಲಿಕ್ಕೆ ಅಲ್ಲ. ನಿಲ್ಲಿಸುವ ಜವಾಬ್ದಾರಿ ಪೂರ್ತಿ ನಿಮ್ಮದು.

ಲಿಸ್ಟ್ ಕಟ್ಟಿ

ನಿಮ್ಮ ಪ್ಲಗಿನ್‌ನ ಮುಖ್ಯ ಸ್ಟ್ರಕ್ಟ್‌ನಲ್ಲಿ, ಅಂದರೆ ಕನೆಕ್ಷನ್‌ನ ಪ್ರೊಟೊ ಡೇಟಾಗೆ ನೇತುಹಾಕುವ ಸ್ಟ್ರಕ್ಟ್‌ನಲ್ಲಿ, ಒಂದು ಜಿಎಸ್‌ಲಿಸ್ಟ್ (ಜಿಲಿಬ್ ಅನ್ನುವ ಸಿ ಲೈಬ್ರರಿಯ ಸರಳ ಲಿಸ್ಟ್) ಸೇರಿಸಿ. ರಿಕ್ವೆಸ್ಟ್ ಕಳಿಸಿದಾಗ ಹ್ಯಾಂಡಲ್ ಲಿಸ್ಟ್‌ಗೆ ಹೋಗಬೇಕು. ಉತ್ತರ ಬಂದಾಗ ಲಿಸ್ಟ್‌ನಿಂದ ಹೊರಬರಬೇಕು. ಕ್ಲೋಸ್ ಆದಾಗ ಲಿಸ್ಟ್‌ನಲ್ಲಿ ಉಳಿದದ್ದನ್ನೆಲ್ಲ ಫೆಚ್ ಯುಆರ್‌ಎಲ್ ಕ್ಯಾನ್ಸಲ್ ಅನ್ನುವ ಫಂಕ್ಷನ್ ಕರೆದು ನಿಲ್ಲಿಸಬೇಕು. ಪಿಡ್ಜಿನ್ 2ರ ಯಾಹೂ ಪ್ಲಗಿನ್ ಮಾಡುತ್ತಿದ್ದದ್ದೂ ಇದೇ. ಅದರ ಕ್ಲೋಸ್ ಫಂಕ್ಷನ್‌ನಲ್ಲಿ ಒಂದು ಪುಟ್ಟ ವೈಲ್ ಲೂಪ್ ಇದೆ, ಲಿಸ್ಟ್ ಖಾಲಿ ಆಗುವವರೆಗೂ ಮೊದಲನೆಯದನ್ನು ಕ್ಯಾನ್ಸಲ್ ಮಾಡುತ್ತಾ, ಲಿಸ್ಟ್‌ನಿಂದ ಕೀಳುತ್ತಾ ಹೋಗುತ್ತದೆ.

ಹೇಳಲು ಇಷ್ಟೇ. ಮಾಡುವಾಗ ಕೈ ತಪ್ಪುವ ಜಾಗಗಳು ಮಾತ್ರ ಹಲವಾರು, ಅವನ್ನು ನಿಧಾನವಾಗಿ ನೋಡೋಣ.

ಮೊದಲನೆಯದಾಗಿ, ಎಲ್ಲ ಕಡೆಯಿಂದ ನೇರವಾಗಿ ಫೆಚ್ ಯುಆರ್‌ಎಲ್ ಕರೆಯಬೇಡಿ. ನಿಮ್ಮದೇ ಒಂದು ಸಣ್ಣ ಫಂಕ್ಷನ್ ಬರೆಯಿರಿ, ಪ್ಲಗಿನ್‌ನ ಪ್ರತಿ ರಿಕ್ವೆಸ್ಟೂ ಅದರ ಮೂಲಕವೇ ಹೋಗಲಿ. ಅದರೊಳಗೆ ಪ್ರತಿ ರಿಕ್ವೆಸ್ಟ್‌ಗೂ ಒಂದು ಪುಟ್ಟ ಸ್ಟ್ರಕ್ಟ್ ಮಾಡಿ: ಕನೆಕ್ಷನ್ ಯಾವುದು, ಲಿಬ್‌ಪರ್ಪಲ್ ಕೊಟ್ಟ ಹ್ಯಾಂಡಲ್ ಯಾವುದು, ನಿಜವಾಗಿ ಓಡಬೇಕಾದ ಕಾಲ್‌ಬ್ಯಾಕ್ ಯಾವುದು, ಅದರ ಡೇಟಾ, ಆ ಡೇಟಾವನ್ನು ಫ್ರೀ ಮಾಡುವ ಫಂಕ್ಷನ್, ಕಳಿಸಿದ ಸಮಯ. ಹ್ಯಾಂಡಲ್ ಬದಲು ಈ ಸ್ಟ್ರಕ್ಟನ್ನೇ ಲಿಸ್ಟ್‌ಗೆ ಹಾಕಿ. ಒಂದೇ ಬಾಗಿಲು ಇದ್ದರೆ ಲೆಕ್ಕ ತಪ್ಪುವುದಿಲ್ಲ. ಆರು ತಿಂಗಳು ಬಿಟ್ಟು ಬೇರೆ ಯಾರೋ ಬಂದು ಹೊಸ ಫೀಚರ್ ಸೇರಿಸುವಾಗ ಲಿಸ್ಟ್‌ಗೆ ಹಾಕುವುದನ್ನು ನೆನಪಿಡಬೇಕಾದ ಅಗತ್ಯವೇ ಬೀಳುವುದಿಲ್ಲ, ಅದು ನನಗೆ ಇದರಲ್ಲಿ ಅತಿ ಇಷ್ಟವಾದ ಗುಣ.

ಡೇಟಾ ಫ್ರೀ ಮಾಡುವ ಫಂಕ್ಷನ್ ಯಾಕೆ ಬೇಕು ಅಂದರೆ, ಫೆಚ್ ಯುಆರ್‌ಎಲ್ ಕ್ಯಾನ್ಸಲ್ ಮಾಡಿದಾಗ ಕಾಲ್‌ಬ್ಯಾಕ್ ಓಡುವುದೇ ಇಲ್ಲ. ಕಾಲ್‌ಬ್ಯಾಕ್‌ನ ಕೊನೆಯಲ್ಲಿ ಡೇಟಾ ಫ್ರೀ ಮಾಡುತ್ತೇನೆ ಅಂತ ನೀವು ಬರೆದಿದ್ದರೆ, ಕ್ಯಾನ್ಸಲ್ ಆದ ಪ್ರತಿ ರಿಕ್ವೆಸ್ಟ್‌ನ ಡೇಟಾ ಲೀಕ್ ಆಗುತ್ತದೆ.

ಎರಡನೆಯದು, ರಿಕ್ವೆಸ್ಟ್ ಕಳಿಸಿ ಮುಗಿಯುವ ಮೊದಲೇ ಉತ್ತರ ಬರಬಹುದು. ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆದರೆ ಸಂಪರ್ಕ ಶುರುವಿನಲ್ಲೇ ಸೋತರೆ, ಉದಾಹರಣೆಗೆ ಎಸ್‌ಎಸ್‌ಎಲ್ ಸಪೋರ್ಟೇ ಇಲ್ಲದಿದ್ದರೆ, ಲಿಬ್‌ಪರ್ಪಲ್ ಅಲ್ಲೇ ನಿಮ್ಮ ಕಾಲ್‌ಬ್ಯಾಕನ್ನು ಎರರ್ ಜೊತೆ ಕರೆದುಬಿಡುತ್ತದೆ, ಆಮೇಲೆ ನಿಮಗೆ ಹ್ಯಾಂಡಲ್ ಬದಲು ನಲ್ ಕೊಡುತ್ತದೆ. ಅಂದರೆ ನಲ್ ಸಿಕ್ಕಿದ ಹೊತ್ತಿಗೆ ಕಾಲ್‌ಬ್ಯಾಕ್ ಓಡಿ ಮುಗಿದು, ನಿಮ್ಮ ಸ್ಟ್ರಕ್ಟ್ ಕೂಡ ಫ್ರೀ ಆಗಿರಬಹುದು. ನಲ್ ಬಂತಲ್ಲ ಅಂತ ಮತ್ತೆ ಫ್ರೀ ಮಾಡಿದರೆ ಡಬಲ್ ಫ್ರೀ. ಲಿಸ್ಟ್‌ಗೆ ಸೇರಿಸಿದರೆ ಸತ್ತ ಪಾಯಿಂಟರ್ ಲಿಸ್ಟ್‌ನಲ್ಲಿ ಕೂರುತ್ತದೆ. ಸುರಕ್ಷಿತ ಕ್ರಮ ಹೀಗೆ: ಕರೆಯುವ ಮೊದಲೇ ಸ್ಟ್ರಕ್ಟನ್ನು ಲಿಸ್ಟ್‌ಗೆ ಸೇರಿಸಿ. ವಾಪಸ್ ಬಂದದ್ದನ್ನು ಮೊದಲು ಒಂದು ಲೋಕಲ್ ವೇರಿಯಬಲ್‌ಗೆ ಹಾಕಿಕೊಳ್ಳಿ. ಅದು ನಲ್ ಅಲ್ಲದಿದ್ದರೆ ಮಾತ್ರ ಸ್ಟ್ರಕ್ಟ್‌ನೊಳಗೆ ಬರೆಯಿರಿ. ನಲ್ ಆಗಿದ್ದರೆ ಎರರ್ ಕಾಲ್‌ಬ್ಯಾಕ್ ಆಗಲೇ ಬಂದು ಹೋಗಿದೆ ಅಂತ ತಿಳಿದು ಏನನ್ನೂ ಮುಟ್ಟಬೇಡಿ. ಯುಆರ್‌ಎಲ್ ಖಾಲಿ ಇದೆಯಾ ಅನ್ನುವುದನ್ನು ಕರೆಯುವ ಮೊದಲೇ ನೋಡಿಕೊಂಡಿರಿ.

ಮೂರನೆಯದು ಕಾಲ್‌ಬ್ಯಾಕ್ ಒಳಗಿನ ಕ್ರಮ. ಲಿಬ್‌ಪರ್ಪಲ್ ಕಾಲ್‌ಬ್ಯಾಕ್ ಮುಗಿದ ಮೇಲೆ ಆ ಹ್ಯಾಂಡಲನ್ನು ತಾನೇ ಫ್ರೀ ಮಾಡುತ್ತದೆ. ಹಾಗಾಗಿ ಕಾಲ್‌ಬ್ಯಾಕ್‌ನಲ್ಲಿ ಅದೇ ಹ್ಯಾಂಡಲನ್ನು ನೀವು ಕ್ಯಾನ್ಸಲ್ ಮಾಡುವಂತಿಲ್ಲ. ಇದು ಎಲ್ಲರಿಗೂ ಗೊತ್ತು, ಆದರೂ ಸುತ್ತಿ ಬಳಸಿ ಆಗಿಬಿಡುತ್ತದೆ. ಹೇಗೆ ಅಂದರೆ, ಸರ್ವರ್ ನಿಮ್ಮ ಸೆಷನ್ ಮುಗಿದಿದೆ ಅಂತ ಉತ್ತರಿಸಿತು, ನಿಮ್ಮ ಕೋಡ್ ಅಲ್ಲೇ ಅಕೌಂಟ್ ಡಿಸ್‌ಕನೆಕ್ಟ್ ಮಾಡಿತು, ಅದು ನಿಮ್ಮ ಕ್ಲೋಸ್ ಕರೆಯಿತು, ಕ್ಲೋಸ್ ಲಿಸ್ಟ್‌ನಲ್ಲಿರುವ ಎಲ್ಲವನ್ನೂ ಕ್ಯಾನ್ಸಲ್ ಮಾಡಿತು, ಅದರಲ್ಲಿ ಈಗ ಓಡುತ್ತಿರುವ ಈ ರಿಕ್ವೆಸ್ಟೂ ಇತ್ತು. ಅದಕ್ಕೇ ಕಾಲ್‌ಬ್ಯಾಕ್‌ನ ಮೊದಲ ಸಾಲಿನಲ್ಲೇ ಲಿಸ್ಟ್‌ನಿಂದ ತೆಗೆಯಿರಿ, ಆಮೇಲೆ ಉಳಿದ ಕೆಲಸ. ನಿಜವಾದ ಕಾಲ್‌ಬ್ಯಾಕ್ ಕರೆದ ನಂತರ ಕನೆಕ್ಷನ್ ಆಗಲಿ, ನಿಮ್ಮ ಮುಖ್ಯ ಸ್ಟ್ರಕ್ಟ್ ಆಗಲಿ ಮುಟ್ಟಬೇಡಿ. ಅವು ಉಳಿದಿವೆ ಅಂತ ಗ್ಯಾರಂಟಿ ಇಲ್ಲ.

ಡಿಸ್‌ಕನೆಕ್ಟ್ ಮಾಡಬೇಕಾದರೆ ಕನೆಕ್ಷನ್ ಎರರ್ ರೀಸನ್ ಅನ್ನುವ ಫಂಕ್ಷನ್ ಬಳಸುವುದು ಒಳ್ಳೆಯದು. ಅದು ಅಲ್ಲೇ ಮುಚ್ಚುವುದಿಲ್ಲ, ಮೇನ್ ಲೂಪ್‌ನ ಮುಂದಿನ ಸುತ್ತಿಗೆ ಡಿಸ್‌ಕನೆಕ್ಟ್ ಇಟ್ಟುಕೊಳ್ಳುತ್ತದೆ.

ಕನೆಕ್ಷನ್ ಇದೆಯಾ ಅಂತ ಕೇಳಿದರೆ ಸಾಲದಾ?

ಹಲವು ಪ್ಲಗಿನ್‌ಗಳಲ್ಲಿ ಕಾಣುವ ಅಡ್ಡದಾರಿ ಇದು. ಕಾಲ್‌ಬ್ಯಾಕ್ ಶುರುವಿನಲ್ಲಿ ಕನೆಕ್ಷನ್ ಈಸ್ ವ್ಯಾಲಿಡ್ ಅನ್ನುವ ಮ್ಯಾಕ್ರೊ ಹಾಕುತ್ತಾರೆ. ಅದು ಈಗ ಇರುವ ಎಲ್ಲ ಕನೆಕ್ಷನ್‌ಗಳ ಲಿಸ್ಟ್‌ನಲ್ಲಿ ಈ ಪಾಯಿಂಟರ್ ಇದೆಯಾ ಅಂತ ಹುಡುಕುತ್ತದೆ. ಇಲ್ಲದಿದ್ದರೆ ಸುಮ್ನೆ ವಾಪಸ್. ಒಂದು ಸಾಲಿನ ಕೆಲಸ, ಮುಕ್ಕಾಲು ಪಾಲು ಸಲ ನಡೆಯುತ್ತದೆ ಕೂಡ.

ತೊಂದರೆ ಎಲ್ಲಿ ಅಂದರೆ, ಅದು ಹೋಲಿಸುವುದು ವಿಳಾಸವನ್ನು ಮಾತ್ರ. ನೆಟ್ ಕಟ್ಟಾಗಿ ಮತ್ತೆ ಬಂದಾಗ ಪಿಡ್ಜಿನ್ ತಾನಾಗಿಯೇ ರೀಕನೆಕ್ಟ್ ಮಾಡುತ್ತದೆ. ಹಳೆ ಕನೆಕ್ಷನ್ ಫ್ರೀ ಆಗಿರುತ್ತದೆ, ಅದೇ ಅಳತೆಯ ಹೊಸ ಕನೆಕ್ಷನ್‌ಗೆ ಮೆಮೊರಿ ಕೇಳಿದಾಗ ಅಲೊಕೇಟರ್ ಆಗ ತಾನೇ ಖಾಲಿಯಾದ ಆ ಜಾಗವನ್ನೇ ಕೊಡುವ ಸಾಧ್ಯತೆ ಚೆನ್ನಾಗಿಯೇ ಇದೆ. ಬಾಡಿಗೆ ಮನೆ ಖಾಲಿ ಮಾಡಿ ಹೋದವರಿಗೆ ಬಂದ ಪಾರ್ಸೆಲ್ಲನ್ನು ಬಾಗಿಲ ನಂಬರ್ ಸರಿ ಇದೆ ಅಂತ ಹೊಸಬರ ಕೈಗೆ ಕೊಟ್ಟ ಹಾಗೆ. ಹಳೆ ಸೆಷನ್‌ನ ಉತ್ತರ ಹೊಸ ಸೆಷನ್‌ಗೆ ಬಂದು ಸೇರುತ್ತದೆ. ಹಳೆ ಟೋಕನ್ ಹೊಸದರ ಮೇಲೆ ಬರೆದುಹೋಗಬಹುದು, ಎರಡು ಅಕೌಂಟ್ ಇದ್ದವರಿಗೆ ಒಂದರ ಉತ್ತರ ಇನ್ನೊಂದಕ್ಕೆ ಹೋಗಬಹುದು. ಕ್ರ್ಯಾಶ್ ಆದರೆ ಬ್ಯಾಕ್‌ಟ್ರೇಸ್ ಆದರೂ ಸಿಗುತ್ತದೆ, ಇಲ್ಲಿ ಅದೂ ಇಲ್ಲ. ಮ್ಯಾಕ್ರೊವನ್ನು ಹೆಚ್ಚುವರಿ ರಕ್ಷಣೆಯಾಗಿ ಇಟ್ಟುಕೊಳ್ಳಿ, ಲಿಸ್ಟ್‌ನ ಬದಲಿಗೆ ಬೇಡ.

ಕ್ಯಾನ್ಸಲ್ ಅಂದರೆ ಎಲ್ಲ ಕಡೆ ಒಂದೇ ಅಲ್ಲ

ಒಂದು ಲೈಬ್ರರಿಯಿಂದ ಇನ್ನೊಂದಕ್ಕೆ ಕೋಡ್ ಸಾಗಿಸುವಾಗ ಜನ ಎಡವುವುದು ಇಲ್ಲೇ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಿಡ್ಜಿನ್ 2ರ ಫೆಚ್ ಯುಆರ್‌ಎಲ್‌ನಲ್ಲಿ ಕ್ಯಾನ್ಸಲ್ ಮಾಡಿದರೆ ಕಾಲ್‌ಬ್ಯಾಕ್ ಬರುವುದಿಲ್ಲ, ಆಗಲೇ ಹೇಳಿದೆ. ಪಿಡ್ಜಿನ್ 3ಕ್ಕಾಗಿ ಬರೆದ ಎಚ್‌ಟಿಟಿಪಿ ಕೋಡ್ ಬೇರೆ. ಅದನ್ನು ಹಲವು ಪ್ಲಗಿನ್‌ಗಳು ಪಿಡ್ಜಿನ್ 2ರಲ್ಲೂ ಬೇಕು ಅಂತ ತಮ್ಮ ಫೋಲ್ಡರ್‌ಗೆ ಕಾಪಿ ಮಾಡಿಕೊಂಡಿವೆ, ಸ್ಕೈಪ್‌ವೆಬ್ ಮತ್ತು ಡಿಸ್ಕಾರ್ಡ್ ಪ್ಲಗಿನ್‌ಗಳಲ್ಲಿ ನೋಡಬಹುದು. ಅಲ್ಲಿ ಕ್ಯಾನ್ಸಲ್ ಮಾಡಿದರೆ ಕಾಲ್‌ಬ್ಯಾಕ್ ಅಲ್ಲೇ, ಕ್ಯಾನ್ಸಲ್ ಫಂಕ್ಷನ್ ವಾಪಸ್ ಬರುವ ಮೊದಲೇ, ಸೋತ ಉತ್ತರದೊಂದಿಗೆ ಓಡುತ್ತದೆ. ಡೇಟಾ ಫ್ರೀ ಮಾಡಲು ಇದು ಅನುಕೂಲ. ಆದರೆ ಕ್ಲೋಸ್‌ನಲ್ಲಿ ಮೊದಲು ಎಲ್ಲ ಕ್ಯಾನ್ಸಲ್ ಮಾಡಿ, ಆಮೇಲೆ ನಿಮ್ಮ ಸ್ಟ್ರಕ್ಟ್ ಫ್ರೀ ಮಾಡಬೇಕು. ಉಲ್ಟಾ ಮಾಡಿದರೆ ಕ್ಲೋಸ್ ಒಳಗೇ ಬೀಳುತ್ತೀರಿ.

ಇನ್ನೊಂದು ಅಪಾಯ ರೀಟ್ರೈ. ರಿಕ್ವೆಸ್ಟ್ ಸೋತರೆ ಮತ್ತೆ ಕಳಿಸು ಅಂತ ಕಾಲ್‌ಬ್ಯಾಕ್‌ನಲ್ಲಿ ಬರೆದಿದ್ದರೆ, ಕ್ಯಾನ್ಸಲ್ ಆದ ಪ್ರತಿಯೊಂದೂ ತನ್ನ ಜಾಗಕ್ಕೆ ಹೊಸ ರಿಕ್ವೆಸ್ಟ್ ಕಳಿಸುತ್ತದೆ, ಲಿಸ್ಟ್ ಖಾಲಿಯೇ ಆಗುವುದಿಲ್ಲ, ಪಿಡ್ಜಿನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮುಖ್ಯ ಸ್ಟ್ರಕ್ಟ್‌ನಲ್ಲಿ ಕ್ಲೋಸಿಂಗ್ ಅನ್ನುವ ಒಂದು ಫ್ಲ್ಯಾಗ್ ಇಡಿ. ಕ್ಲೋಸ್ ಶುರುವಾದ ಕೂಡಲೇ ಅದನ್ನು ಟ್ರೂ ಮಾಡಿ. ಅದು ಟ್ರೂ ಇರುವಾಗ ನಿಮ್ಮ ಒಂದೇ ಬಾಗಿಲಿನ ಫಂಕ್ಷನ್ ಹೊಸ ರಿಕ್ವೆಸ್ಟ್ ತೆಗೆದುಕೊಳ್ಳಬಾರದು.

ಪರ್ಪಲ್-ಫೇಸ್‌ಬುಕ್ ಪ್ಲಗಿನ್‌ನ ಸೋರ್ಸ್‌ನಲ್ಲಿ ಇದರ ಒಳ್ಳೆ ಮಾದರಿ ಇದೆ. ಬಾಕಿ ಕನೆಕ್ಷನ್‌ಗಳಿಗೆ ಅಂತಲೇ ಒಂದು ಚಿಕ್ಕ ಸ್ಟ್ರಕ್ಟ್: ಒಳಗೆ ಒಂದು ಹ್ಯಾಶ್ ಟೇಬಲ್, ಜೊತೆಗೆ ಕ್ಯಾನ್ಸಲ್ಡ್ ಅನ್ನುವ ಫ್ಲ್ಯಾಗ್. ಎಲ್ಲವನ್ನೂ ಕ್ಯಾನ್ಸಲ್ ಮಾಡುವ ಫಂಕ್ಷನ್ ಮೊದಲು ಫ್ಲ್ಯಾಗ್ ಏರಿಸುತ್ತದೆ, ಆಮೇಲೆ ಟೇಬಲ್ ಸುತ್ತುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಟೇಬಲ್‌ನಿಂದ ತೆಗೆಯಲು ಬಂದರೆ ಫ್ಲ್ಯಾಗ್ ನೋಡಿ ಏನೂ ಮಾಡದೆ ವಾಪಸ್ ಹೋಗುತ್ತದೆ. ಟೇಬಲ್ ಸುತ್ತುತ್ತಿರುವಾಗಲೇ ಅದನ್ನು ಬದಲಾಯಿಸಿದರೆ ಇಟರೇಟರ್ ಕೆಡುತ್ತದೆ, ಅದಕ್ಕಾಗಿ ಈ ವ್ಯವಸ್ಥೆ. ಕೆಲವೇ ಸಾಲಿನ ಕೋಡ್, ಕೂತು ಓದಿ.

ಮೂರನೇ ಬಗೆ ಜಿಲಿಬ್ ಜೊತೆ ಬರುವ ಜಿಐಒ ಲೈಬ್ರರಿಯದ್ದು. ಹೊಸ ಕೋಡ್‌ನಲ್ಲಿ ಜಿಕ್ಯಾನ್ಸಲೇಬಲ್ ಅನ್ನುವ ಆಬ್ಜೆಕ್ಟ್ ಇರುತ್ತದೆ. ಒಂದನ್ನೇ ಅಕೌಂಟ್‌ನ ಎಲ್ಲ ಕೆಲಸಗಳಿಗೂ ಕೊಟ್ಟಿದ್ದರೆ, ಮುಚ್ಚುವಾಗ ಅದೊಂದನ್ನು ಕ್ಯಾನ್ಸಲ್ ಮಾಡಿದರೆ ಸಾಕು, ಎಲ್ಲಕ್ಕೂ ತಲುಪುತ್ತದೆ. ನಿಜಕ್ಕೂ ಹಗುರ. ಆದರೆ ಇಲ್ಲಿ ಕಾಲ್‌ಬ್ಯಾಕ್ ಬಂದೇ ಬರುತ್ತದೆ, ಅದೂ ಆಮೇಲೆ, ಮೇನ್ ಲೂಪ್‌ನ ಮುಂದಿನ ಸುತ್ತುಗಳಲ್ಲಿ, ಕ್ಯಾನ್ಸಲ್ಡ್ ಅನ್ನುವ ಎರರ್ ಹೊತ್ತು. ಅಷ್ಟರಲ್ಲಿ ನಿಮ್ಮ ಸ್ಟ್ರಕ್ಟ್ ಫ್ರೀ ಆಗಿರುತ್ತದೆ. ಹಾಗಾಗಿ ಕಾಲ್‌ಬ್ಯಾಕ್‌ನಲ್ಲಿ ಮೊದಲು ಫಿನಿಶ್ ಫಂಕ್ಷನ್ ಕರೆದು ಎರರ್ ನೋಡಿ. ಕ್ಯಾನ್ಸಲ್ಡ್ ಆಗಿದ್ದರೆ ಎರರ್ ಫ್ರೀ ಮಾಡಿ ಹೊರಡಿ, ಯೂಸರ್ ಡೇಟಾ ಪಾಯಿಂಟರನ್ನು ಅದಕ್ಕಿಂತ ಮೊದಲು ಬಿಚ್ಚಿ ನೋಡಲೇಬೇಡಿ. ವೇರಿಯಬಲ್ ಡಿಕ್ಲೇರ್ ಮಾಡುವ ಸಾಲಿನಲ್ಲೇ ಡೇಟಾ ಒಳಗಿನ ಫೀಲ್ಡ್ ಓದುವ ಅಭ್ಯಾಸ ಬಹಳ ಜನಕ್ಕಿದೆ, ಅದೇ ಸಾಲಿನಲ್ಲಿ ಬೀಳುತ್ತದೆ. ಡೇಟಾಗೆ ರೆಫರೆನ್ಸ್ ಕೌಂಟ್ ಇದ್ದರೆ ಕಳಿಸುವಾಗ ಒಂದು ರೆಫ್ ಹಿಡಿದು, ಕಾಲ್‌ಬ್ಯಾಕ್‌ನಲ್ಲಿ ಬಿಡುವುದು ಇನ್ನೂ ವಾಸಿ.

ಎಚ್‌ಟಿಟಿಪಿ ಒಂದೇ ಅಲ್ಲ

ಡಿಎನ್‌ಎಸ್ ಕ್ವೆರಿ, ಪ್ರಾಕ್ಸಿ ಕನೆಕ್ಟ್, ಟೈಮರ್, ಸಾಕೆಟ್ ಮೇಲಿನ ಇನ್‌ಪುಟ್ ವಾಚರ್ ಇವೂ ಬಾಕಿ ಕೆಲಸಗಳೇ. ಪ್ರತಿಯೊಂದಕ್ಕೂ ನಿಲ್ಲಿಸುವ ಫಂಕ್ಷನ್ ಇದೆ: ಡಿಎನ್‌ಎಸ್‌ಕ್ವೆರಿ ಡಿಸ್ಟ್ರಾಯ್, ಪ್ರಾಕ್ಸಿ ಕನೆಕ್ಟ್ ಕ್ಯಾನ್ಸಲ್, ಟೈಮೌಟ್ ರಿಮೂವ್, ಇನ್‌ಪುಟ್ ರಿಮೂವ್. ಕ್ಲೋಸ್ ಫಂಕ್ಷನ್ ಓದುವಾಗ ಪಕ್ಕದಲ್ಲೇ ಲಾಗಿನ್ ಫಂಕ್ಷನ್ ಇಟ್ಟುಕೊಳ್ಳಿ, ಅಲ್ಲಿ ಶುರುವಾದ ಪ್ರತಿಯೊಂದೂ ಇಲ್ಲಿ ನಿಂತಿದೆಯಾ ಅಂತ ಒಂದೊಂದಾಗಿ ಗುರುತು ಹಾಕಿ. ಹೆಚ್ಚಾಗಿ ತಪ್ಪಿಸಿಕೊಳ್ಳುವುದು ಕೀಪ್‌ಅಲೈವ್ ಟೈಮರ್.

ಒಂದೇ ಸಾಕೆಟ್ ಮೇಲೆ ಓಡುವ ಪ್ರೊಟೊಕಾಲ್‌ಗಳಲ್ಲಿ ಲೆಕ್ಕ ಬೇರೆ ರೀತಿ. ಎಕ್ಸ್‌ಎಂಪಿಪಿಯಲ್ಲಿ (ಹಳೆ ಹೆಸರು ಜ್ಯಾಬರ್) ಐಕ್ಯೂ, ಅಂದರೆ ಉತ್ತರ ಬೇಡುವ ಮೆಸೇಜ್, ಕಳಿಸುವಾಗ ಒಂದು ಐಡಿ ಇರುತ್ತದೆ, ಉತ್ತರದಲ್ಲೂ ಅದೇ ಐಡಿ ಬರಬೇಕು ಅಂತ ಅದರ ನಿಯಮಗಳ ದಾಖಲೆ ಆರ್‌ಎಫ್‌ಸಿ 6120 ಹೇಳುತ್ತದೆ. ಲಿಬ್‌ಪರ್ಪಲ್‌ನ ಜ್ಯಾಬರ್ ಪ್ಲಗಿನ್ ಐಡಿಯನ್ನು ಕೀ ಮಾಡಿ ಹ್ಯಾಶ್ ಟೇಬಲ್‌ನಲ್ಲಿ ಕಾಲ್‌ಬ್ಯಾಕ್ ಇಡುತ್ತದೆ. ಆದರೆ ಐಡಿ ಒಂದನ್ನೇ ನಂಬುವುದು ಸಾಲದು. 2.10.8ಕ್ಕಿಂತ ಹಿಂದಿನ ಪಿಡ್ಜಿನ್, ಉತ್ತರ ಕೊಟ್ಟವರು ನಾವು ಕೇಳಿದವರೇ ಹೌದಾ ಅನ್ನುವುದನ್ನು ಸರಿಯಾಗಿ ನೋಡುತ್ತಿರಲಿಲ್ಲ. ಯಾರೋ ಮೂರನೆಯವರು ನಕಲಿ ಉತ್ತರ ಕಳಿಸಿ ಮೋಸ ಮಾಡಬಹುದಿತ್ತು, ಕ್ರ್ಯಾಶ್ ಕೂಡ ಮಾಡಬಹುದಿತ್ತು. ಭದ್ರತಾ ಲೋಪಗಳ ಸಾರ್ವಜನಿಕ ಪಟ್ಟಿಯಲ್ಲಿ ಆ ಲೋಪಕ್ಕೆ ಸಿವಿಇ-2013-6483 ಅಂತ ನಂಬರ್ ಇದೆ. ನೀವು ಇಂಥ ಟೇಬಲ್ ಮಾಡುವಾಗ ಐಡಿ ಜೊತೆಗೆ ಯಾರಿಗೆ ಕಳಿಸಿದ್ದು ಅನ್ನುವುದನ್ನೂ ಬರೆದಿಡಿ, ಉತ್ತರ ಬಂದಾಗ ಎರಡನ್ನೂ ಹೋಲಿಸಿ, ಹೊಂದದಿದ್ದರೆ ಬಿಸಾಕಿ.

ಅಕೌಂಟ್ ಇದ್ದರೂ ಸ್ನೇಹಿತರು ಇರದೇ ಹೋಗಬಹುದು. ಫೋಟೋ ಬರುವ ಮೊದಲೇ ಬಳಕೆದಾರರು ಆ ಹೆಸರನ್ನು ಲಿಸ್ಟ್‌ನಿಂದ ಡಿಲೀಟ್ ಮಾಡಿದರೆ ನೀವು ಹಿಡಿದಿಟ್ಟ ಪಾಯಿಂಟರ್ ಸತ್ತಿರುತ್ತದೆ. ರಿಕ್ವೆಸ್ಟ್ ಡೇಟಾದಲ್ಲಿ ಪಾಯಿಂಟರ್ ಇಡಬೇಡಿ, ಯೂಸರ್‌ನೇಮ್ ಕಾಪಿ ಇಡಿ, ಉತ್ತರ ಬಂದಾಗ ಹೆಸರಿನಿಂದ ಮತ್ತೆ ಹುಡುಕಿ.

ಬೇಕಂತಲೇ ನಿಧಾನ ಮಾಡಿ ನೋಡಿ

ಒಳ್ಳೆ ಬ್ರಾಡ್‌ಬ್ಯಾಂಡ್‌ನಲ್ಲಿ ಕೂತು ಇದನ್ನು ಪರೀಕ್ಷೆ ಮಾಡಲು ಆಗುವುದಿಲ್ಲ. ಉತ್ತರ ಕ್ಷಣದಲ್ಲಿ ಬಂದುಬಿಡುತ್ತದೆ, ಬಾಕಿ ಅನ್ನುವ ಸ್ಥಿತಿಯೇ ಇರುವುದಿಲ್ಲ. ರೈಲಿನಲ್ಲಿ, ಘಾಟಿಯಲ್ಲಿ, ಸಿಗ್ನಲ್ ಬಂದು ಹೋಗುವ ಊರುಗಳಲ್ಲಿ ಕೂತ ಬಳಕೆದಾರರಿಗೆ ದಿನವೂ ಆಗುವುದನ್ನು ನಿಮ್ಮ ಟೇಬಲ್ ಮೇಲೆ ತರಬೇಕು.

ಸುಲಭದ ದಾರಿ ಅಂದರೆ ಪೈಥಾನ್‌ನಲ್ಲಿ ಒಂದು ಪುಟ್ಟ ಎಚ್‌ಟಿಟಿಪಿ ಸರ್ವರ್ ಬರೆದು, ಪ್ರತಿ ಉತ್ತರಕ್ಕೂ ಮೊದಲು ಇಪ್ಪತ್ತು ಸೆಕೆಂಡ್ ನಿದ್ದೆ ಮಾಡಿಸಿ, ಪ್ಲಗಿನ್‌ನ ಫೋಟೋ ಯುಆರ್‌ಎಲ್ ಅದಕ್ಕೆ ತೋರಿಸುವುದು. ಇಪ್ಪತ್ತು ಯಾಕೆ ಅಂದರೆ ಮೇಲೆ ಹೇಳಿದ ಹೊಸ ಎಚ್‌ಟಿಟಿಪಿ ಕೋಡ್‌ನ ಟೈಮೌಟ್ ಸಹಜವಾಗಿ 30 ಸೆಕೆಂಡ್, ಅದಕ್ಕಿಂತ ಕಡಿಮೆ ಇರಬೇಕು. ಲಿನಕ್ಸ್‌ನಲ್ಲಿ ಟಿಸಿ ಕಮಾಂಡ್‌ನ ನೆಟ್‌ಎಮ್ ಬಳಸಿ ಇಡೀ ನೆಟ್‌ವರ್ಕನ್ನೇ ನಿಧಾನ ಮಾಡಬಹುದು. ಫೈರ್‌ವಾಲ್‌ನಲ್ಲಿ ತಡೆಯುವುದಾದರೆ ರಿಜೆಕ್ಟ್ ಬೇಡ, ಡ್ರಾಪ್ ಹಾಕಿ. ರಿಜೆಕ್ಟ್ ಮಾಡಿದರೆ ತಕ್ಷಣ ಎರರ್ ಬರುತ್ತದೆ, ಡ್ರಾಪ್ ಮಾಡಿದರೆ ರಿಕ್ವೆಸ್ಟ್ ನೇತಾಡುತ್ತಾ ಉಳಿಯುತ್ತದೆ, ನಮಗೆ ಬೇಕಾದದ್ದು ಅದೇ.

ಪ್ಲಗಿನ್ ಮತ್ತು ಲಿಬ್‌ಪರ್ಪಲ್ ಎರಡನ್ನೂ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಬಿಲ್ಡ್ ಮಾಡಿ, ಇಲ್ಲವೇ ಪಿಡ್ಜಿನ್ ಅನ್ನು ವ್ಯಾಲ್‌ಗ್ರೈಂಡ್ ಕೆಳಗೆ ಓಡಿಸಿ, ಎರಡೂ ಮೆಮೊರಿ ತಪ್ಪುಗಳನ್ನು ಹಿಡಿದುಕೊಡುವ ಸಾಧನಗಳು. ಹಳೆಯ ಜಿಲಿಬ್ ಇದ್ದರೆ ಜಿ ಸ್ಲೈಸ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಆಲ್ವೇಸ್-ಮ್ಯಾಲಕ್ ಕೊಡಿ, ಇಲ್ಲದಿದ್ದರೆ ಸ್ಲೈಸ್ ಅಲೊಕೇಟರ್ ಹಿಂದೆ ತಪ್ಪುಗಳು ಅಡಗುತ್ತವೆ. ಜಿಲಿಬ್ 2.76ರಿಂದ ಆ ಅಲೊಕೇಟರೇ ಇಲ್ಲ. ಈಗ ಲಾಗಿನ್ ಆಗಿ, ಫೋಟೋ ರಿಕ್ವೆಸ್ಟ್‌ಗಳು ಹೋದ ಕೂಡಲೇ ಅಕೌಂಟ್ ಡಿಸೇಬಲ್ ಮಾಡಿ, ಅರ್ಧ ನಿಮಿಷ ಕಾಯಿರಿ. ಆಮೇಲೆ ಅದನ್ನೇ ಬೇರೆ ಬೇರೆ ರೀತಿ ಮಾಡಿ: ಡಿಸೇಬಲ್ ಮಾಡಿ ತಕ್ಷಣ ಎನೇಬಲ್, ನೆಟ್ ಕೇಬಲ್ ಕಿತ್ತು ಮತ್ತೆ ಹಾಕುವುದು, ಪಿಡ್ಜಿನ್ನನ್ನೇ ಮುಚ್ಚುವುದು, ಸ್ನೇಹಿತರ ಹೆಸರು ಡಿಲೀಟ್ ಮಾಡುವುದು.

ಜೊತೆಗೆ ಲಾಗ್ ಬೇಕು. ಹೆಲ್ಪ್ ಮೆನುವಿನಲ್ಲಿ ಡೀಬಗ್ ವಿಂಡೋ ಇದೆ, ಅಥವಾ ಟರ್ಮಿನಲ್‌ನಿಂದ ಡೀಬಗ್ ಆಯ್ಕೆ ಕೊಟ್ಟು ಪಿಡ್ಜಿನ್ ಶುರು ಮಾಡಿ. ನಿಮ್ಮ ಒಂದೇ ಬಾಗಿಲಿನ ಫಂಕ್ಷನ್‌ನಲ್ಲಿ ಕಳಿಸಿದಾಗ ಒಂದು ಸಾಲು, ಮುಗಿದಾಗ ಒಂದು ಸಾಲು, ಕ್ಯಾನ್ಸಲ್ ಆದಾಗ ಒಂದು ಸಾಲು ಬರೆಯಿಸಿ, ಪ್ರತಿ ಸಾಲಿನಲ್ಲೂ ಈಗ ಬಾಕಿ ಎಷ್ಟು ಅನ್ನುವ ಸಂಖ್ಯೆ ಇರಲಿ. ಯುಆರ್‌ಎಲ್ ಪೂರ್ತಿ ಬರೆಯಬೇಡಿ, ಅದರಲ್ಲಿ ಟೋಕನ್ ಇರಬಹುದು, ಜನ ತಮ್ಮ ಲಾಗನ್ನು ಹಾಗೇ ಬಗ್ ರಿಪೋರ್ಟ್‌ಗೆ ಅಂಟಿಸುತ್ತಾರೆ. ಲಿಬ್‌ಪರ್ಪಲ್‌ನಲ್ಲಿ ಇದಕ್ಕಾಗಿಯೇ ಅನ್‌ಸೇಫ್ ಡೀಬಗ್ ಅನ್ನುವ ಪ್ರತ್ಯೇಕ ಸ್ವಿಚ್ ಇದೆ, ಗುಟ್ಟಿನ ವಿಷಯ ಬರೆಯುವುದಾದರೆ ಅದು ಆನ್ ಇದ್ದಾಗ ಮಾತ್ರ ಬರೆಯಿರಿ.

ಲಾಗ್‌ನಲ್ಲಿ ನೋಡಬೇಕಾದದ್ದು ಎರಡು. ಕ್ಲೋಸ್ ಮುಗಿಯುವ ಸಾಲಿನಲ್ಲಿ ಬಾಕಿ ಸಂಖ್ಯೆ ಸೊನ್ನೆ ಇರಬೇಕು, ಅದರ ನಂತರ ಆ ಕನೆಕ್ಷನ್‌ನ ಒಂದು ಸಾಲೂ ಬರಬಾರದು (ಜಿಐಒ ಬಳಸಿದ್ದರೆ ಕ್ಯಾನ್ಸಲ್ಡ್ ಸಾಲುಗಳು ಮಾತ್ರ ಆಮೇಲೆ ಬರುತ್ತವೆ). ಇನ್ನು ಅಕೌಂಟ್ ಇಡೀ ದಿನ ಆನ್‌ಲೈನ್ ಇದ್ದಾಗ ಈ ಸಂಖ್ಯೆ ಏರುತ್ತಾ ಇಳಿಯುತ್ತಾ ಇರಬೇಕು. ಬರೀ ಏರುತ್ತಲೇ ಹೋದರೆ ಯಾವುದೋ ಕಾಲ್‌ಬ್ಯಾಕ್ ಲಿಸ್ಟ್‌ನಿಂದ ತೆಗೆಯುವುದನ್ನು ಬಿಟ್ಟಿದೆ, ಅಥವಾ ಉತ್ತರವೇ ಬಾರದ ರಿಕ್ವೆಸ್ಟ್‌ಗೆ ಟೈಮೌಟ್ ಇಲ್ಲ. ಕಳಿಸಿದ ಸಮಯ ಸ್ಟ್ರಕ್ಟ್‌ನಲ್ಲಿ ಇದೆಯಲ್ಲ, ಎಲ್ಲಕ್ಕಿಂತ ಹಳೆಯದು ಯಾವುದು ಅಂತ ಲಾಗ್‌ಗೆ ಬರೆಯಿಸಿದರೆ ಯಾವ ಕಡೆಯಿಂದ ಹೋದದ್ದು ಅನ್ನುವುದು ಅಲ್ಲೇ ಸಿಗುತ್ತದೆ.